ಹಸಿಮಣ್ಣಿನ ಕುಳಿ

ಬೋಳುಗುಡ್ಡದ ಕೆಳಗೆ ಒಂದು ಊರು. ಗುಡ್ಡದ ನೆತ್ತಿಯಲ್ಲಿ ಮರವಿಲ್ಲ, ಪೊದೆಯಿಲ್ಲ. ನೆರಳು ಬೇಕಾದವರು ತಮ್ಮ ನೆರಳನ್ನೇ ಹೊತ್ತುಕೊಂಡು ಹತ್ತಬೇಕು. ಅಲ್ಲಿರುವುದು ಹುಲ್ಲು, ಗಾಳಿ, ಮಂಜು. ಆಮೇಲೆ ಕುಳಿಗಳು.

ಕುಳಿ ಅಂದರೆ ಬಾವಿಯಂಥದ್ದೇನಲ್ಲ. ಮೊಣಕಾಲುದ್ದ ಆಳ, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿರದಷ್ಟು ಅಗಲ. ಪ್ರತಿ ಕುಳಿಯ ಇಳಿಜಾರಿನ ಬದಿಗೆ ಅದರದೇ ಮಣ್ಣಿನ ಗುಪ್ಪೆ, ಹೊಟ್ಟೆ ತುಂಬಿದವನು ಎಲೆಯಲ್ಲಿ ಬಿಟ್ಟೆದ್ದ ಮುದ್ದೆಯ ಹಾಗೆ. ಗುಡ್ಡದ ಈ ಭುಜದಿಂದ ಆ ಭುಜದವರೆಗೆ ಸಾಲು ಸಾಲು ಕುಳಿ, ಸಾಲು ಸಾಲು ಗುಪ್ಪೆ.

ಹಿಂದಿನವರು ಲೋಹ ಹುಡುಕಿಕೊಂಡು ಬಂದವರು. ಎಲ್ಲಿಂದ ಬಂದೆವು ಅನ್ನುವುದು ಅವರಿಗೇ ಮರೆತುಹೋಗಿತ್ತು. ತಲೆಗೊಂದು ಕುಳಿ ತೋಡಿದರು. ತೋಡಿದ ಮಣ್ಣನ್ನು ಮರದ ಮರಿಗೆಗೆ ಹಾಕಿ, ನೀರು ಬಿಟ್ಟು, ಅಕ್ಕಿ ಜಾಲಿಸಿದ ಹಾಗೆ ಜಾಲಿಸಿದರು. ಅಕ್ಕಿ ಜಾಲಿಸುವವರು ಕಲ್ಲು ಬಂದರೆ ಬೈಯುತ್ತಾರೆ. ಇವರು ಬಾರದ್ದಕ್ಕೆ ಬೈದರು. ಏನೂ ಸಿಗಲಿಲ್ಲ. ಮುಂದಿನ ಗುಡ್ಡಕ್ಕೆ ಹೋಗೋಣವೆಂದರೆ ಕಾಲಲ್ಲಿ ತ್ರಾಣವಿರಲಿಲ್ಲ. ಕೂತರು. ಕೂತವರು ಊರಾದರು.

ಅವರು ಬಿಟ್ಟುಹೋದ ಕಟ್ಟಳೆ ಒಂದೇ: ತಲೆ ಎಷ್ಟೋ ಕುಳಿ ಅಷ್ಟು. ಮಗು ಹುಟ್ಟಿದರೆ ಹೆತ್ತವರೋ ಸಾಕುವವರೋ ಗುಡ್ಡ ಹತ್ತಿ ಕುಳಿ ತೋಡಬೇಕು. ತನ್ನ ಕುಳಿ ತಾನು ತೋಡಿಕೊಳ್ಳುವಂತಿಲ್ಲ. ಜಾಲಿಸುವಾಕೆ ಆ ಮಣ್ಣನ್ನು ಜಾಲಿಸಬೇಕು. ಮರಿಗೆಯ ತಳದಲ್ಲಿ ಏನಾದರೂ ಹೊಳೆಯಿತೋ, ಊರಿಗೆ ಊರೇ ಒಲೆ ಆರಿಸಿ, ಹೊಲ ಬಿಟ್ಟು, ಗುಡ್ಡ ಮುಗಿಯುವವರೆಗೂ ಆ ಹೊಳಪಿನ ಹಿಂದೆ ಅಗೆಯುತ್ತ ಹೋಗಬೇಕು. ಅದು ಹಿಂದಿನವರ ಆಣೆ. ಹಾಗಾಗಿ ಒಂದೊಂದು ಮಗು ಹುಟ್ಟಿದಾಗಲೂ ಊರು ಉಸಿರು ಬಿಗಿಹಿಡಿಯುತ್ತಿತ್ತು. ಜಾಲಿಸುವಾಕೆ ಮೇಲಿನಿಂದ "ಇಲ್ಲ!" ಎಂದು ಕೂಗುತ್ತಿದ್ದಳು. ಕೆಳಗೆ "ಇಲ್ಲವಂತೆ, ಇಲ್ಲವಂತೆ" ಎಂದು ಬಾಯಿಂದ ಬಾಯಿಗೆ ದಾಟಿಸಿ, ಜನ ಬೆಲ್ಲ ಹಂಚುತ್ತಿದ್ದರು. ಆ "ಇಲ್ಲ" ಬಿದ್ದ ಮೇಲೆಯೇ ಕೂಸು ಊರಿನದಾಗುವುದು. ಅದರ ಹೆಸರಿನಲ್ಲಿ ಒಂದು ಹುಣಸೆಬೀಜ ಊರಿನ ಚೀಲ ಸೇರುತ್ತಿತ್ತು.

ಯಾರಾದರೂ ತೀರಿಕೊಂಡರೆ ದೇಹ ಕೆಳಗೆ ಹಳ್ಳದ ದಂಡೆಗೆ. ಚೀಲದಿಂದ ಒಂದು ಬೀಜ ಹೊರಗೆ. ಕುಳಿ ಮುಚ್ಚುವುದು ಮೇಲೆ. ಅದೇ ಗುಪ್ಪೆಯ ಮಣ್ಣು, ಅಷ್ಟು ವರ್ಷ ಪಕ್ಕದಲ್ಲೇ ಕೂತು ಕಾದ ಮಣ್ಣು. ಕೊನೆಯ ಬುಟ್ಟಿ ಸುರಿದ ಕೈ ಒಂದೇ ಮಾತು ಹೇಳಬೇಕು: "ಇತ್ತು." ಮಣ್ಣು ಯಾವತ್ತೂ ಪೂರ್ತಿ ಸಾಲುತ್ತಿರಲಿಲ್ಲ. ಗಾಳಿ ಒಂದಿಷ್ಟು, ಮಳೆ ಒಂದಿಷ್ಟು ಒಯ್ದಿರುತ್ತಿತ್ತು. ಅಂಗೈಯಷ್ಟು ತಗ್ಗು ಉಳಿದುಬಿಡುತ್ತಿತ್ತು. ಬದುಕಿದ್ದವರು ಕುಳಿ, ಹೋದವರು ತಗ್ಗು. ಸಿಡುಬು ಎದ್ದು ಮಾಯ್ದ ಮುಖದ ಹಾಗಿತ್ತು ಆ ಗುಡ್ಡ.

ಈ ಊರಿನಲ್ಲಿ ಒಬ್ಬ ನಗೆಗಾರನಿದ್ದ. ಮೂವತ್ತೆರಡು ದಾಟಿದ್ದರೂ ಬುದ್ಧಿ ಹಲ್ಲು ಬೀಳುವ ವಯಸ್ಸಿನಲ್ಲೇ ನಿಂತಿತ್ತು. ಊರ ಯಜಮಾನರ ರುಮಾಲಿಗೆ ಕರುವಿನ ಗೆಜ್ಜೆ ಕಟ್ಟಿ, ಅವರು ಹೋದಲ್ಲೆಲ್ಲ ಹಸು ಹಿಂಬಾಲಿಸುವ ಹಾಗೆ ಮಾಡಿದವನು. ಜಾಲಿಸುವಾಕೆಯ ಮರಿಗೆಯಲ್ಲಿ ಕಪ್ಪೆ ಬಿಟ್ಟು "ಅಕ್ಕಾ, ಹೊಳೀತಾ ಇದೆ, ಕಣ್ಣು ಹೊಳೀತಾ ಇದೆ!" ಎಂದು ಕೂಗಿದವನು. ಅಪ್ಪ ಅಮ್ಮ ಇವನು ಕಣ್ಣು ಬಿಡುವ ಮೊದಲೇ ಕಣ್ಣು ಮುಚ್ಚಿದ್ದರು. ಸಾಕಿದ್ದು ಎಣಿಕೆಯಜ್ಜಿ. ಇವನ ಕುಳಿ ತೋಡಿದ್ದೂ ಅವಳೇ.

ಎಣಿಕೆಯಜ್ಜಿಯ ಕೆಲಸ ವರ್ಷಕ್ಕೊಂದೇ ದಿನ. ಮಳೆ ನಿಂತು ಗುಡ್ಡ ಹಸಿರಾದಾಗ, ಬೀಜದ ಚೀಲ ಹಿಡಿದು ಒಬ್ಬಳೇ ಮೇಲೆ ಹೋಗುವುದು. ಕುಳಿಗೊಂದು ಬೀಜ ಹಾಕುತ್ತ ನಡೆಯುವುದು. ಕೊನೆಯ ಕುಳಿಗೆ ಕೊನೆಯ ಬೀಜ. ಆಮೇಲೆ ಚೀಲವನ್ನು ಒಳಹೊರಗು ಮಾಡಿ ಒದರಿ ತೋರಿಸುವುದು. ಕೆಳಗೆ ನಿಂತ ಊರು ಆಗ ಉಸಿರು ಬಿಡುವುದು. ಬೀಜಗಳನ್ನು ಹೆಕ್ಕಿ ಮತ್ತೆ ಚೀಲ ತುಂಬಿಕೊಂಡು ಅಜ್ಜಿ ಇಳಿಯುವುದು. ಅವಳ ಕೂದಲು ಕಪ್ಪಗಿದ್ದಾಗಿನಿಂದ ಕುಳಿಗಿಂತ ಒಂದು ಬೀಜ ಹೆಚ್ಚಾಗಿಲ್ಲ, ಒಂದು ಕಡಿಮೆಯಾಗಿಲ್ಲ.

ಅಲ್ಲಿಯೇ ನಗೆಗಾರನಿಗೆ ತುರಿಕೆ ಶುರುವಾದದ್ದು.

ಎಣಿಕೆಯ ಹಿಂದಿನ ದಿನ, ಊರೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ, ಗುದ್ದಲಿ ಹಿಡಿದು ಮೇಲೆ ಹೋದ. ಸಾಲಿನ ತುದಿಯಲ್ಲಿ ಒಂದು ಕುಳಿ ತೋಡಿದ. ಕಳ್ಳತನ ಗೊತ್ತಾಗಬಾರದೆಂದು ಬೇರೆ ಕಡೆಯಿಂದ ಬೇರುಸಮೇತ ಹುಲ್ಲಿನ ಹೆಂಟೆ ಕಿತ್ತು ತಂದು, ಕುಳಿಯ ಅಂಚಿಗೂ ಗುಪ್ಪೆಗೂ ಹೊದಿಸಿದ. ದೂರ ನಿಂತು ನೋಡಿದ. ನೂರು ವರ್ಷ ಹಳೆಯದರ ಹಾಗಿತ್ತು. ಹೊಟ್ಟೆ ಹಿಡಿದು ನಕ್ಕ. ನಾಳೆ ಅಜ್ಜಿಯ ಮುಖ ನೋಡಬೇಕು!

ನೋಡಿದ.

ಮರುದಿನ ಅಜ್ಜಿ ಬೀಜ ಹಾಕುತ್ತ, ಹಾಕುತ್ತ, ಸಾಲಿನ ತುದಿಗೆ ಬಂದಳು. ತುದಿಯ ಕುಳಿಯ ಮುಂದೆ ಬಗ್ಗಿದಳು. ಚೀಲದೊಳಗೆ ಹೋದ ಕೈ ಹೊರಗೆ ಬರಲಿಲ್ಲ. ಕೆಳಗಿನಿಂದ ನಗೆಗಾರ ಕೆನ್ನೆಯೊಳಗೆ ನಗು ಅದುಮಿಕೊಂಡು ಕಾದ. ಕೈ ಬರಲಿಲ್ಲ. ಅಜ್ಜಿ ಮೆಲ್ಲಗೆ ಊರಿನ ಕಡೆ ತಿರುಗಿದಳು. ಆ ಮುಖದಲ್ಲಿ ಅವನು ಕಾದಿದ್ದ ಬೆಪ್ಪು ಇರಲಿಲ್ಲ. ಹೆದರಿಕೆ ಇತ್ತು. ಎಷ್ಟೋ ವರ್ಷದಿಂದ ಬಾಗಿಲ ಹಿಂದೆ ನಿಂತಿದ್ದದ್ದು ಕೊನೆಗೂ ಒಳಗೆ ಬಂತು ಅನ್ನುವಂಥ ಹೆದರಿಕೆ. ನಗು ಅವನ ಕೆನ್ನೆಯಲ್ಲೇ ಹುಳಿಯಾಯಿತು.

ಯಜಮಾನರು ಮಾತು ಹೊರಳಿಸುವವರಲ್ಲ. "ಬೀಜ ಇನ್ನೂರ ಹನ್ನೊಂದು, ಕುಳಿ ಇನ್ನೂರ ಹನ್ನೆರಡು. ಹೆಚ್ಚಿನ ಕುಳಿ ಯಾವುದು ಅಂತ ಗೊತ್ತಾಗಬೇಕು. ಮೂರನೇ ದಿನ ಬೆಳಿಗ್ಗೆ ಎಲ್ಲರೂ ಮೇಲೆ ಹೋಗಿ ಅವರವರ ಕುಳಿಯಲ್ಲಿ ನಿಲ್ಲಬೇಕು. ಕೂಸುಗಳನ್ನ ಅವುಗಳ ಕುಳಿಯಲ್ಲಿ ಮಲಗಿಸಿ. ಖಾಲಿ ಉಳಿದದ್ದನ್ನ ಮುಚ್ಚೋಣ. ನಿಲ್ಲೋಕೆ ಕುಳಿ ಇಲ್ಲದವರು ಯಾರಾದ್ರೂ ಇದ್ರೆ," ಅವರು ಗುಡ್ಡದ ಆಚೆ ಬದಿಗೆ ಗದ್ದ ಎತ್ತಿ ತೋರಿಸಿದರು, "ದಾಟಬೇಕು."

ಗುಡ್ಡದ ಆಚೆಗೆ ಏನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ದಾಟಿದವರು ಬಂದು ಹೇಳಿರಲಿಲ್ಲ.

ನಗೆಗಾರ ಮುಂದೆ ನುಗ್ಗಿದ. "ಯಜಮಾನ್ರೇ, ನಿಲ್ಲಿಸೋದೆಲ್ಲ ಬೇಡ. ಅದು ನಾನು ತೋಡಿದ್ದು. ತಮಾಷೆಗೆ!"

ಜನ ಗೊಳ್ಳೆಂದರು. ಜಾಲಿಸುವಾಕೆ ಕಣ್ಣೊರೆಸಿಕೊಂಡಳು. "ಇವನೊಬ್ಬ! ಜೀವ ಬಾಯಿಗೆ ಬಂದಿರೋವಾಗ್ಲೂ ನಗಿಸ್ತಾನಲ್ಲಪ್ಪ!"

"ಅಕ್ಕಾ, ನಿಜವಾಗ್ಲೂ. ನಿಮ್ಮ ಮರಿಗೆ ಮುಟ್ಟಿ ಹೇಳ್ತೀನಿ."

"ಕಪ್ಪೆ ಬಿಟ್ಟ ದಿನಾನೂ ಹೀಗೇ ಆಣೆ ಇಟ್ಟಿದ್ದೆ, ಹೋಗೋ!"

ಇನ್ನೂ ನಕ್ಕರು. ಅವನು ಅಳುವ ಹಾಗಾದ. ಅಳುಮುಖ ಎಷ್ಟು ಚೆನ್ನಾಗಿ ಮಾಡುತ್ತಾನೆ ನೋಡಿ ಅಂತ ಮತ್ತೂ ನಕ್ಕರು.

ಸರಿ, ನಾನೇ ಮುಚ್ಚಿಬಿಡುತ್ತೇನೆ ಎಂದು ಗುದ್ದಲಿ ಹಿಡಿದು ಗುಡ್ಡ ಹತ್ತಿದ. ತುದಿಯ ಕುಳಿಯ ಅಂಚಿನಲ್ಲಿ, ಎರಡೂ ಕಾಲು ಒಳಗಿಳಿಬಿಟ್ಟು, ಎಣಿಕೆಯಜ್ಜಿ ಕೂತಿದ್ದಳು.

"ಬಂದ್ಯಾ? ಹುಲ್ಲು ಎತ್ತ ವಾಲಿದೆ ನೋಡೋ, ದಡ್ಡ. ಇಡೀ ಗುಡ್ಡದ ಹುಲ್ಲು ಮೂಡಣಕ್ಕೆ ತಲೆ ಹಾಕಿದೆ, ನಿನ್ನ ಹೆಂಟೆ ಮಾತ್ರ ಪಡುವಣಕ್ಕೆ. ಇಷ್ಟು ವರ್ಷ ಸಾಕಿದೀನಿ, ಒಂದು ಕಳ್ಳಕೆಲಸ ನೆಟ್ಟಗೆ ಮಾಡೋಕೆ ಬರಲ್ವಲ್ಲ ನಿನಗೆ!"

"ಅಜ್ಜೀ, ಮುಚ್ಚಿಬಿಡ್ತೀನಿ. ಮುಚ್ಚಿದ್ರೆ ಬೀಜಕ್ಕೂ ಕುಳಿಗೂ ಸರಿಹೋಗುತ್ತೆ."

"ಸರಿಹೋಗುತ್ತೆ," ಅಂದಳು ಅಜ್ಜಿ. "ಮೂರನೇ ದಿನ ನಾನೆಲ್ಲಿ ನಿಲ್ಲಲಿ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಗಬಾರದಷ್ಟು ಅರ್ಥವಾಯಿತು. ಅಜ್ಜಿ ಗುಡ್ಡದ ಆಚೆಯಿಂದ ಬಂದವಳು, ಅಲ್ಲಿ ಏನಿತ್ತೆಂದು ಯಾರಿಗೂ ಹೇಳದವಳು. ಮಂಜಿನಲ್ಲಿ ಕೈಹಿಡಿದು ಕರೆತಂದವನು "ನಾಳೆ ನಿನ್ನ ಕುಳಿ ತೋಡ್ತೀನಿ" ಅಂದಿದ್ದ. ನಾಳೆ ಅವನಿಗೆ ಜ್ವರ ಬಂತು. ನಾಡಿದ್ದು ಅವನ ಕುಳಿಯನ್ನೇ ಮುಚ್ಚಿದರು. ಇವಳದನ್ನು ಅವನು ತೋಡಿಯೇ ಹೋಗಿರಬೇಕು ಅಂದುಕೊಂಡರು ಊರವರು.

"ಯಾರನ್ನಾದ್ರೂ ಕೇಳಬಾರದಿತ್ತಾ ಅಜ್ಜಿ?"

"ಮೊದಲನೇ ವರ್ಷ ನಾಚಿಕೆ ಆಯ್ತು. ಎರಡನೇ ವರ್ಷ, ಹೋದ ವರ್ಷ ಯಾಕೆ ಕೇಳಲಿಲ್ಲ ಅಂತಾರೆ ಅಂತ ಹೆದರಿಕೆ ಆಯ್ತು. ಆಮೇಲೆ ಎಣಿಸೋ ಕೆಲಸ ನಾನೇ ಕೇಳಿ ತಗೊಂಡೆ. ಎಣಿಸೋರನ್ನ ಯಾರು ಎಣಿಸ್ತಾರೆ ಹೇಳು. ಆದ್ರೂ ಚೀಲ ಒದರಿ ತೋರಿಸ್ವಾಗ ಪ್ರತಿ ಸಲ ನಾನೇ ಅದರಿಂದ ಉದುರಿಬಿದ್ದ ಹಾಗಾಗ್ತಿತ್ತು ಕಣೋ."

ಅವಳು ಕುಳಿಯೊಳಗೆ ಕಾಲಾಡಿಸಿದಳು. "ಅಳತೆ ಪರವಾಗಿಲ್ಲ," ಅಂದಳು.

ನಗೆಗಾರ ಗುದ್ದಲಿ ಕೆಳಗಿಟ್ಟ. ಮುಚ್ಚಿದರೆ ಅಜ್ಜಿಗೆ ಜಾಗವಿಲ್ಲ. ಬಿಟ್ಟರೆ ಇದೊಂದೇ ಜಾಗ. ಆದರೆ ಇಷ್ಟು ಹಳೆಯ ಅಜ್ಜಿಗೆ ಇಷ್ಟು ಹೊಸ ಕುಳಿ! ಹೆಂಟೆ ಒಣಗಿ ಒಳಗಿನ ಹಸಿಮಣ್ಣು ಹಲ್ಲು ಕಿರಿದರೆ ಮುಗಿಯಿತು. ಮೂರು ದಿನ ಹುಲ್ಲು ಹಸಿರಾಗಿರಬೇಕು. ಅಷ್ಟೇ. ಮೂರೇ ದಿನ.

ಹೆಂಟೆಗಳನ್ನೆಲ್ಲ ಮೂಡಣಕ್ಕೆ ತಿರುಗಿಸಿಟ್ಟ. ಕೊಡ ಹೊತ್ತು ಕೆಳಗಿನ ಹಳ್ಳದಿಂದ ನೀರು ತಂದ. ಗುಪ್ಪೆಗೆ ಚಿಮುಕಿಸಿದ. ಇಳಿದ, ಹತ್ತಿದ. ದಾರಿಯಲ್ಲಿ ಸಿಕ್ಕವರು ಕೇಳಿದರು, "ಏನೋ, ಗುಡ್ಡಕ್ಕೆ ಬಾಯಾರಿಕೆಯಾ?" ಹೌದೆಂದ. ನಕ್ಕರು. ಇಳಿದ, ಹತ್ತಿದ. ಗಾಳಿ ಬೀಸಿತು. ಅವನು ಒಂದು ಕೊಡ ಸುರಿದರೆ ಗಾಳಿ ಒಂದೂವರೆ ಕೊಡ ಕುಡಿಯಿತು. ಮೊದಲ ದಿನ ಹುಲ್ಲಿನ ತುದಿ ಹಳದಿಯಾಯಿತು. ಎರಡನೇ ದಿನ ಸೊಂಟ ಹಳದಿಯಾಯಿತು. ಅವನು ಒಂದೊಂದು ಎಸಳನ್ನೂ ಬೆರಳಲ್ಲಿ ಎತ್ತಿ ನಿಲ್ಲಿಸಿ, "ಏಳಮ್ಮಾ, ಏಳು," ಅಂದ. ಅವು ಎದ್ದು ಮತ್ತೆ ಬಿದ್ದವು. ಜಗತ್ತಿನಲ್ಲಿ ಯಾವುದೂ ಅವನ ತಮಾಷೆಯನ್ನು ಇಷ್ಟು ಕೆಟ್ಟದಾಗಿ ತೆಗೆದುಕೊಂಡಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಗುಪ್ಪೆ ಪೂರ್ತಿ ಹಳದಿ. ಹಸಿರು ಗುಡ್ಡದ ಮೇಲೆ ಅದೊಂದೇ ಹಳದಿ.

ಊರು ಹತ್ತಿತು. ಮುದುಕರನ್ನು ಬೆನ್ನ ಮೇಲೆ, ಕೂಸುಗಳನ್ನು ಕಂಕುಳಲ್ಲಿ ಹೊತ್ತುಕೊಂಡು ಹತ್ತಿತು. ಮಂಜು ಕುಳಿಗಳ ಬಾಯಲ್ಲಿ ಹಾಲಿನ ಹಾಗೆ ತುಂಬಿತ್ತು. ಹುಡುಕಿದರು. ಚಿಕ್ಕಂದಿನಲ್ಲಿ ಒಮ್ಮೆ ಅಪ್ಪ ಬೆರಳು ಮಾಡಿ ತೋರಿಸಿದ್ದ ಜಾಗ. "ಇದು ನನ್ನದು." "ಅಲ್ಲ ಮಾವ, ನಿಮ್ಮದು ಆ ಬಿಳಿಕಲ್ಲಿನ ಪಕ್ಕ." "ಅದು ನನ್ನ ತಮ್ಮಂದು, ತಗ್ಗಾಯ್ತು." ಒಬ್ಬೊಬ್ಬರೇ ಇಳಿದರು. ಮೊಣಕಾಲಿನವರೆಗೆ ಗುಡ್ಡ, ಮೇಲೆ ಮನುಷ್ಯ. ನಾಟಿ ಮಾಡಿದ ಪೈರಿನ ಹಾಗೆ ಊರು ನಿಂತಿತು.

ನಗೆಗಾರ ಅಜ್ಜಿಯ ರಟ್ಟೆ ಹಿಡಿದು ಸಾಲಿನ ನಡುವಿನ ಒಂದು ಕುಳಿಯ ಬಳಿ ತಂದ. ಗುಪ್ಪೆಯ ಮೇಲೆ ದಟ್ಟ ಹುಲ್ಲು, ಮೂಡಣಕ್ಕೆ ತಲೆಹಾಕಿದ ಹುಲ್ಲು.

"ಇಳಿ."

"ಇದು ನಿನ್ನದು ಕಣೋ. ನಾನೇ ತೋಡಿದ್ದು."

"ನೀನೇ ತೋಡಿದ್ದಲ್ವಾ, ನಿನ್ನದೇ ಅನ್ಕೋ. ಇಳಿ ಅಜ್ಜಿ, ಜನ ನೋಡ್ತಿದಾರೆ."

"ನೀನು?"

"ನಾನು ಏನೋ ಹೇಳಿ ತಪ್ಪಿಸ್ಕೋತೀನಿ. ನನಗೇನು ಹೊಸದಾ?"

ಅವಳನ್ನು ಇಳಿಸಿ, ತುದಿಗೆ ಓಡಿ, ಹಳದಿ ಗುಪ್ಪೆಯ ಕುಳಿಗೆ ಹಾರಿದ. ಮಣ್ಣು ಇನ್ನೂ ತಣ್ಣಗಿತ್ತು. ಪಾದದಿಂದ ಆ ತಣುಪು ಮೇಲೇರತೊಡಗಿತು.

ಯಜಮಾನರು ತಮ್ಮ ಕುಳಿಯಿಂದ ಎದ್ದು, ಅಲ್ಲಿ ತಮ್ಮ ರುಮಾಲು ಇಟ್ಟು, ಸಾಲು ಸಾಲಾಗಿ ನಡೆದರು. ಖಾಲಿ ಕುಳಿ ಹುಡುಕಿದರು. ಇರಲಿಲ್ಲ. ಇನ್ನೂರ ಹನ್ನೆರಡು ಕುಳಿ, ಇನ್ನೂರ ಹನ್ನೆರಡು ತಲೆ.

"ಎಲ್ಲಾ ಸರಿಯಾಗಿದೆಯಲ್ಲ!" ಜಾಲಿಸುವಾಕೆ ತನ್ನ ಕುಳಿಯಿಂದಲೇ ಕೂಗಿದಳು. "ಕಡಿಮೆಯಾದದ್ದು ಬೀಜ ಕಣ್ರೋ! ಇಲಿ ತಿಂದಿರಬೇಕು!"

ಗುಡ್ಡ ಪೂರ್ತಿ ನಕ್ಕಿತು. ಇಲಿಯಂತೆ, ಇಲಿಯಂತೆ! ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನಗೆಗಾರನೂ ನಕ್ಕ.

ಯಜಮಾನರು ಮಾತ್ರ ತುದಿಗೆ ಬಂದು ನಿಂತಿದ್ದರು.

"ಈ ಹುಲ್ಲು ಯಾಕೆ ಹಳದಿ?"

"ಕಾಮಾಲೆ, ಯಜಮಾನ್ರೇ."

ಯಾರೂ ನಗಲಿಲ್ಲ. ಯಜಮಾನರು ಕೋಲಿನ ತುದಿಯಿಂದ ಒಂದು ಹೆಂಟೆಯನ್ನು ಗಡಿಗೆಯ ಮುಚ್ಚಳದ ಹಾಗೆ ಎತ್ತಿದರು. ಕೆಳಗೆ ಹಸಿಮಣ್ಣು, ಈಗಷ್ಟೇ ಕೊಯ್ದ ಗಾಯದ ಹಾಗೆ ಕೆಂಪಗೆ.

"ನಿನಗೆಷ್ಟು ವಯಸ್ಸು?"

"ಮೂವತ್ತೆರಡು."

"ಈ ಮಣ್ಣಿಗೆ?"

"ನಾಲ್ಕು ದಿನ. ಅವತ್ತೇ ಹೇಳಿದ್ನಲ್ಲ ಯಜಮಾನ್ರೇ, ನಾನೇ ತೋಡಿದ್ದು ಅಂತ."

ಈ ಸಲ ನಂಬಿದರು. ಇನ್ನೂರು ಮುಖ ಒಟ್ಟಿಗೆ ನಂಬಿ ತನ್ನನ್ನು ನೋಡಿದರೆ ಹೀಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಂಬದಿದ್ದಾಗಲೇ ಚೆನ್ನಾಗಿತ್ತು.

"ಹಾಗಾದರೆ ನಿನ್ನ ಹಳೆಯ ಕುಳಿ ಎಲ್ಲಿ? ಅದರಲ್ಲಿ ಯಾರು ನಿಂತಿದಾರೆ?"

ನಾಲಿಗೆಯ ತುದಿಯಲ್ಲಿ ಹತ್ತು ಮಾತು ಬಂದವು, ಹತ್ತೂ ಚೆನ್ನಾಗಿದ್ದವು. ಒಂದನ್ನು ಬಿಟ್ಟರೂ ನಡುಸಾಲಿನ ಕಡೆ ಕಣ್ಣು ಹೊರಳಿಬಿಡುತ್ತದೆ. ಅವನು ಬಾಯಿ ಮುಚ್ಚಿಕೊಂಡ. ನಗೆಗಾರ ಬಾಯಿ ಮುಚ್ಚಿದ್ದನ್ನು ಊರು ಮೊದಲ ಸಲ ನೋಡಿತು.

"ಹಾಗಾದರೆ ದಾಟು," ಅಂದರು ಯಜಮಾನರು.

"ಜಾಲಿಸಿದ್ರಾ?"

ಎಣಿಕೆಯಜ್ಜಿಯ ದನಿ. ನಡುಸಾಲಿನಿಂದ, ತೆಳ್ಳಗೆ, ಗಾಳಿಯ ಮೇಲೆ ಬಂತು. "ಆ ಮಣ್ಣನ್ನ ಜಾಲಿಸಿದ್ರಾ ಯಜಮಾನ್ರೇ? ತನಗೇ ಅಂತ ತೋಡಿದ್ದಲ್ಲ ಅದು, ತಮಾಷೆಗೆ. ಜಾಲಿಸದ ಕುಳಿಯವನು ಇನ್ನೂ ಹುಟ್ಟಿಲ್ಲ. ಹುಟ್ಟದವನನ್ನ ಹೇಗೆ ದಾಟಿಸ್ತೀರಿ?"

ಕಟ್ಟಳೆ ಕಟ್ಟಳೆಯೇ. ಮರಿಗೆ ಬಂತು. ನಗೆಗಾರ ಹಳ್ಳದಿಂದ ಹೊತ್ತು ತಂದಿದ್ದ ಕೊನೆಯ ಕೊಡ ಅಲ್ಲೇ ಇತ್ತು. ಜಾಲಿಸುವಾಕೆ ಹಸಿಮಣ್ಣು ತುಂಬಿ ನೀರು ಬಿಟ್ಟಳು. ಓಲಾಡಿಸಿದಳು. ಕೆಂಪು ಹೋಯಿತು, ಮತ್ತೆ ಓಲಾಡಿಸಿದಳು. ಕಂದು ಹೋಯಿತು, ಮತ್ತೆ ಓಲಾಡಿಸಿದಳು. ತಳದಲ್ಲಿ ಕರಿ ಮರಳು ಉಳಿಯಿತು. ಕರಿ ಮರಳಿನ ನಡುವೆ ಏನೋ ಮಿಣುಕಿತು. ಇನ್ನೂರ ಹನ್ನೆರಡು ಎದೆ ನಿಂತವು. ಒಲೆಗಳು, ಹೊಲಗಳು, ತೊಟ್ಟಿಲುಗಳು ನಿಂತವು. ಜಾಲಿಸುವಾಕೆ ಮರಿಗೆಗೆ ತನ್ನ ನೆರಳು ಹಿಡಿದಳು. ಮಿಣುಕು ಆರಿತು. ಬಿಸಿಲು, ಬರೀ ಬಿಸಿಲು.

"ಇಲ್ಲ!"

"ಇಲ್ಲವಂತೆ," ಅಂದಿತು ಒಂದು ಕುಳಿ. "ಇಲ್ಲವಂತೆ," ಅಂದಿತು ಅದರಾಚೆಯದು.

ಅಜ್ಜಿ ಕುಳಿಯಿಂದ ಮೇಲೆ ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಹುಣಸೆಬೀಜ ತೆಗೆದು ಚೀಲಕ್ಕೆ ಹಾಕಿದಳು. ಎಷ್ಟೋ ವರ್ಷ ಬೆರಳಾಡಿ ಕನ್ನಡಿಯಾಗಿದ್ದ ಬೀಜ. ಅದು ಇವತ್ತಿನ ಕೂಸಿಗೆಂದು ಎತ್ತಿಟ್ಟದ್ದಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಯಜಮಾನರು ಬೀಜ ನೋಡಿದರು. ಅವಳು ಎದ್ದುಬಂದ ಕುಳಿ ನೋಡಿದರು. ಆಮೇಲೆ ಮುಖ ತಿರುಗಿಸಿ, ಏನೂ ನೋಡದವರ ಹಾಗೆ ಗಾಳಿಯನ್ನು ನೋಡಿದರು.

"ಸರಿ. ಇವನು ಇವತ್ತು ಹುಟ್ಟಿದವನು. ಹುಟ್ಟಿದ ಕೂಸಿಗೆ ಮಾತಿಲ್ಲ. ಮೊದಲ ಮಾತು ಯಾವತ್ತು ಆಡಿದರೂ ಇಡೀ ಊರಿನ ಮುಂದೆ ಆಡಬೇಕು. ಅದು ತಮಾಷೆಯಾದರೆ ಅವತ್ತೇ ದಾಟಬೇಕು."

ನಗೆಗಾರ ಬಾಯಿ ತೆರೆದ. ಅಜ್ಜಿ ಅವನ ತುಟಿಯ ಮೇಲೆ ಬೆರಳಿಟ್ಟಳು. "ಉಶ್. ಎಳೆ ಕೂಸು."

ಆ ವರ್ಷ ಊರಿನಲ್ಲಿ ನಗು ಬತ್ತಿತು. ಜನ ಅವನ ಮುಂದೆ ಬಂದು ಸುಮ್ಮನೆ ಕೂರುತ್ತಿದ್ದರು. "ಏನಾದ್ರೂ ಅನ್ನೋ," ಎಂದು ಕೆಣಕುತ್ತಿದ್ದರು. ಹೆದರಿ ತಾವೇ "ಬೇಡ, ಬೇಡ" ಅನ್ನುತ್ತಿದ್ದರು. ಅವನ ಹೊಟ್ಟೆಯಲ್ಲಿ ಮಾತು ಮರಿ ಹಾಕುತ್ತಿತ್ತು. ನಿದ್ದೆಯಲ್ಲಿ ಎಲ್ಲಿ ಜಾರುತ್ತದೋ ಎಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದ.

ಮತ್ತೆ ಮಳೆ ನಿಂತಿತು, ಗುಡ್ಡ ಹಸಿರಾಯಿತು. ಅಜ್ಜಿ ಚೀಲ ಹಿಡಿದು ಹತ್ತಿದಳು. ಬೀಜ ಹಾಕುತ್ತ, ಹಾಕುತ್ತ ಹೋದಳು. ಅವಳು ನಡುಸಾಲನ್ನು ಕೊನೆಗೆ ಉಳಿಸಿಕೊಂಡದ್ದನ್ನು ಅವನು ಕೆಳಗಿನಿಂದ ನೋಡಿದ. ಕೊನೆಯ ಬೀಜ ಬಿತ್ತು. ಚೀಲ ಒಳಹೊರಗಾಯಿತು. ಒದರಿದಳು, ಏನೂ ಉದುರಲಿಲ್ಲ. ಊರು ಉಸಿರು ಬಿಟ್ಟಿತು. ಅಜ್ಜಿ ಕುಳಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಬೀಜ ಹೆಕ್ಕಲು ಏಳಲೇ ಇಲ್ಲ.

ಹಳ್ಳದ ದಂಡೆಯ ಕೆಲಸ ಮುಗಿಸಿ ಊರು ಮತ್ತೆ ಮೇಲೆ ಬಂತು. "ಮುಚ್ಚೋರು ಯಾರು?" ಅಂದರು ಯಜಮಾನರು. "ಇವಳಿಗೆ ಯಾರೂ ಇಲ್ಲ."

ನಗೆಗಾರ ಬುಟ್ಟಿ ತೆಗೆದುಕೊಂಡ. ತನಗಾಗಿ ತೋಡಿದ್ದ ಕುಳಿಗೆ, ಮೂವತ್ತಮೂರು ವರ್ಷ ತನಗಾಗಿ ಕಾದಿದ್ದ ಮಣ್ಣನ್ನು ಸುರಿದ. ಗುಪ್ಪೆ ಮುಗಿಯಿತು. ಎಲ್ಲರದರ ಹಾಗೆ ಇದೂ ಸಾಲಲಿಲ್ಲ. ಅಂಗೈಯಷ್ಟು ತಗ್ಗು ಉಳಿಯಿತು. ಊರು ಮಾತಿಗಾಗಿ ಕಾಯಿತು. ಅವನು ಸಾಲಿನ ತುದಿಗೆ ನಡೆದು, ತನ್ನ ಗುಪ್ಪೆಯಿಂದ ಒಂದು ಬುಟ್ಟಿ ತಂದು ಸುರಿದ. ತಗ್ಗು ತುಂಬಿತು. ಇನ್ನೊಂದು ತಂದ. ನೆಲ ಸಮವಾಯಿತು. ಇನ್ನೊಂದು ತಂದ. ಹೋದವರ ಗುರುತೆಲ್ಲ ತಗ್ಗಾಗಿದ್ದ ಆ ಗುಡ್ಡದಲ್ಲಿ ಅದೊಂದು ಉಬ್ಬಿ ನಿಂತಿತು, ತುಂಬಿಕೊಂಡ ಕೆನ್ನೆಯ ಹಾಗೆ. ಗುಂಪಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

"ಮಾತು," ಅಂದರು ಯಜಮಾನರು. "ಸುರಿದ ಕೈಯೇ ಹೇಳಬೇಕು."

ಒಂದು ವರ್ಷದ ನೂರು ತಮಾಷೆ ಅವನ ಗಂಟಲಿಗೆ ಒಟ್ಟಿಗೆ ಏರಿ ಬಂದವು. ಜಾಲಿಸುವಾಕೆ ಕಣ್ಣು ಮುಚ್ಚಿಕೊಂಡಳು. ಹುಲ್ಲೆಲ್ಲ ಮೂಡಣಕ್ಕೆ ವಾಲಿತು.

"ಇತ್ತು," ಅಂದ.